ಸಿದ್ದಾಪುರದ ಹುಲಿಗೆವ್ವ ಸ್ಕಾಟ್‌ಲೆಂಡಿನಲ್ಲಿ ಸಾಲದ ಮಾತಾಡಿದ್ದು

ಪರದೇಶ ನೋಡಿ ಬಂದವರು ಅಲ್ಲಿನ ರಸ್ತೆ ಎಷ್ಟು ಸ್ವಚ್ಛ, ಜನ ಎಷ್ಟು ಶಿಸ್ತು ಎಂದು ಬರೆಯುತ್ತಾರೆ. ಸ್ಕಾಟ್‌ಲೆಂಡಿನ ರಸ್ತೆಯೂ ಸ್ವಚ್ಛವಾಗಿಯೇ ಇತ್ತು. ಆದರೆ ಆ ಪ್ರವಾಸ ನೆನೆದರೆ ನನಗೆ ಇವತ್ತಿಗೂ ಮೊದಲು ಬರುವುದು ಸಿಟ್ಟು. ಅದಕ್ಕೇ ಸಿಟ್ಟಿನಲ್ಲೇ ಬರೆಯುತ್ತೇನೆ. ರಸ್ತೆಯ ವಿಚಾರ ಬೇರೆ ಯಾರಾದರೂ ಬರೆದಾರು.

ನಾನು ಯಲಬುರ್ಗಾ ಕಡೆಯ ತಳಕಲ್ಲಿನಲ್ಲಿ ಸರಕಾರಿ ಶಾಲೆಯ ಶಿಕ್ಷಕಿ. ಕೊಪ್ಪಳ ಜಿಲ್ಲೆಯಾಗಿ ಹತ್ತು ಹನ್ನೆರಡು ವರ್ಷ ಆಗಿದ್ದ ಕಾಲ. ಹೆಣ್ಣುಮಕ್ಕಳಿಗೆ ಸಾಲ ಕೊಡುವ ಸಂಘಗಳು ಆಗ ನಾಯಿಕೊಡೆಗಳ ಹಾಗೆ ಎದ್ದಿದ್ದವು. ಕುಷ್ಟಗಿಯಲ್ಲಿ, ಯಲಬುರ್ಗಾದಲ್ಲಿ, ಬೇವೂರಿನಂಥ ಹಳ್ಳಿಯಲ್ಲೂ ಇದ್ದವು, ಗಂಗಾವತಿಯಲ್ಲಂತೂ ಓಣಿಗೊಂದು. ನಮ್ಮ ಊರಿನ ಸಂಘದವರಿಗೆ ಸಂಜೆ ಹೊತ್ತು ಸಹಿ ಮಾಡಲು ಕಲಿಸುತ್ತಿದ್ದೆ. ಅಷ್ಟೇ ನನಗೂ ಸಂಘಕ್ಕೂ ಇದ್ದ ಸಂಬಂಧ.

ಇಂಥ ಸಂಘಗಳಿಗೆ ಸಾಲ ಕೊಡುತ್ತಿದ್ದ ಒಂದು ಸಂಸ್ಥೆಗೆ ಸ್ಕಾಟ್‌ಲೆಂಡಿನಿಂದ ಕರೆ ಬಂತು. ಸಾಲದಲ್ಲಿ ಸಿಕ್ಕಿಬಿದ್ದವರು ಒಟ್ಟಿಗೆ ಕೂತು ಹೇಗೆ ಹೊರಬರುತ್ತಾರೆ ಎಂಬುದನ್ನು ಎರಡೂ ದೇಶದವರು ಹೇಳಿಕೊಳ್ಳೋಣ ಎಂದು ಅಲ್ಲಿನ ಒಂದು ದತ್ತಿ ಸಂಸ್ಥೆಯ ಆಸೆ. ನಮ್ಮ ಕಡೆಯಿಂದ ಮೂವರು ಹೊರಟೆವು. ಕಂತು ತಪ್ಪದ ಮಾದರಿ ಸದಸ್ಯೆ ಎಂದು ಸಿದ್ದಾಪುರದ ಹುಲಿಗೆವ್ವ. ಏಳನೆಯ ತರಗತಿಗೆ ಕಲಿಸುವಷ್ಟು ಇಂಗ್ಲಿಷ್ ಬರುತ್ತದೆಂದು ನಾನು. ನಮ್ಮಿಬ್ಬರನ್ನು ಕಾಯಲು, ನಮ್ಮ ಮಾತನ್ನು ಅವರಿಗೆ ಅನುವಾದಿಸಲು ಸಂಸ್ಥೆಯ ಅಧಿಕಾರಿ. ಅವನನ್ನು ಸಾಹೇಬ ಎಂದೇ ಕರೆಯುತ್ತೇನೆ, ಹೆಸರಿನ ಮರ್ಯಾದೆ ಬೇಡ. ಹುಲಿಗೆವ್ವ ಎಂಬುದೂ ಆಕೆಯ ನಿಜವಾದ ಹೆಸರಲ್ಲ. "ಬರೀರಿ ಅಕ್ಕೋರ, ಹೆಸರೊಂದು ಬಿಡ್ರಿ," ಎಂದು ಆಕೆಯೇ ಹೇಳಿದ್ದಾಳೆ.

ಬೆಂಗಳೂರು, ವಿಮಾನ ನಿಲ್ದಾಣದಲ್ಲಿ

ಹುಲಿಗೆವ್ವನ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು ಇದ್ದವು. ರೊಟ್ಟಿಗೆ ಯಾರೂ ಏನೂ ಅನ್ನಲಿಲ್ಲ. ಗುರೆಳ್ಳು ಹಿಂಡಿ ಕಪ್ಪಗೆ, ಸ್ವಲ್ಪ ಎಣ್ಣೆ ಬಿಟ್ಟುಕೊಂಡು, ಸಿಡಿಮದ್ದಿನ ಪುಡಿಯಂತೆ ಕಂಡಿರಬೇಕು. ತಪಾಸಣೆಯ ಹುಡುಗ ಅದನ್ನು ಹಿಡಿದುಕೊಂಡು ಇನ್ನೊಬ್ಬನನ್ನು ಕರೆದ, ಆತ ಮತ್ತೊಬ್ಬನನ್ನು ಕರೆದ. ಹುಲಿಗೆವ್ವ ಡಬ್ಬಿಯ ಮುಚ್ಚಳ ತೆಗೆದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. "ತಗೋಪಾ ತಮ್ಮಾ, ನೀನೂ ತಿನ್ನು. ಸತ್ರ ಇಬ್ರೂ ಸಾಯೋಣು," ಎಂದು ಅವನ ಮುಂದೂ ಹಿಡಿದಳು.

ಹುಡುಗ ನಕ್ಕು ಬಿಟ್ಟುಬಿಟ್ಟ. ನಾನು ಸಾಹೇಬನನ್ನು ಹುಡುಕಿದರೆ ಆತ ಆಚೆ ಸಾಲಿನಲ್ಲಿ, ನಮ್ಮನ್ನು ಕಂಡೇ ಇಲ್ಲವೆಂಬಂತೆ ಮೊಬೈಲು ನೋಡುತ್ತಿದ್ದ. ಹಿಂಡಿ ಪಾರಾದ ಮೇಲೆ ಬಂದು, "ಯಾಕ್ರಮ್ಮ ಇವೆಲ್ಲ ತರ್ತೀರ, ನಮ್ಮ ಮಾನ ಹೋಗುತ್ತೆ," ಎಂದ. ಅದೇ ಹಿಂಡಿಯನ್ನು ಆಮೇಲೆ ಬ್ರೆಡ್ಡಿಗೆ ಸವರಿಕೊಂಡು ತಿಂದವರಲ್ಲಿ ಅವನೇ ಮೊದಲಿಗ.

ಸಮುದ್ರದಂಡೆಯ ಊರು

ನಾವು ಇಳಿದದ್ದು ಮೋಯ್ರಾ ಎಂಬಾಕೆಯ ಮನೆಯಲ್ಲಿ, ಇದೂ ನಿಜವಾದ ಹೆಸರಲ್ಲ. ಅರವತ್ತು ದಾಟಿದ ಹೆಂಗಸು, ಗಟ್ಟಿ ಆಳು, ಮಾತು ಕಡಿಮೆ. ನಮ್ಮ ಕಡೆ ಕೊಪ್ಪಳದಲ್ಲಿ ಬಸ್ಸು ಹತ್ತಿದರೆ ಕುಷ್ಟಗಿ ಬರುವುದರೊಳಗೆ ಪಕ್ಕದವರು ನಿಮ್ಮ ಜಾತಿ, ಪಗಾರ, ಮಕ್ಕಳೆಷ್ಟು, ಯಾಕೆ ಅಷ್ಟೇ ಎಂಬುದನ್ನೆಲ್ಲ ಕೇಳಿ ಮುಗಿಸಿರುತ್ತಾರೆ. ಮೋಯ್ರಾ ಎರಡು ದಿನ ಕಳೆದರೂ ನಮ್ಮ ಗಂಡಂದಿರು ಏನು ಮಾಡುತ್ತಾರೆಂದು ಕೇಳಲಿಲ್ಲ. ಚಹಾ ಕೊಟ್ಟಳು, ಕಂಬಳಿ ಕೊಟ್ಟಳು, ಕಿಟಕಿಯಿಂದ ಸಮುದ್ರ ತೋರಿಸಿದಳು.

ಹುಲಿಗೆವ್ವನಿಗೆ ಚಿಂತೆ ಹತ್ತಿತು. "ನಮ್ಮ ಮ್ಯಾಲ ಸಿಟ್ಟಾಗ್ಯಾಳೇನ್ರಿ ಅಕ್ಕೋರ? ಏನೂ ಕೇಳವಲ್ಲಳು."

"ಇವರ ಪದ್ಧತಿ ಹಂಗ ಐತಿ," ಎಂದೆ.

"ಕೇಳಲಾರದ ಹೆಂಗ ನಂಬತಾರ?" ಎಂದಳು.

ಮರುದಿನ ಪೇಟೆಯ ದೊಡ್ಡ ಬಟ್ಟೆ ಅಂಗಡಿಗೆ ಹೋದೆವು. ಹುಲಿಗೆವ್ವ ಕಾಲುಚೀಲ ಕೊಳ್ಳುತ್ತಿದ್ದಾಗ ಕೌಂಟರಿನ ಹುಡುಗಿ ನಗುತ್ತ ಏನೋ ಕೇಳಿದಳು. ಅಂಗಡಿಯದೇ ಒಂದು ಕಾರ್ಡು ಕೊಡುತ್ತೇವೆ, ಈಗ ಬೇಕಾದ್ದು ಒಯ್ಯಿರಿ, ದುಡ್ಡು ಆಮೇಲೆ ಕೊಡಿ ಎಂಬುದು ಅದರ ಅರ್ಥ. ನಾನು ಹಾಗೆಂದು ಹೇಳಿದ್ದೇ ತಡ, ಹುಲಿಗೆವ್ವನ ಮುಖ ದೀಪ ಹಚ್ಚಿದಂತಾಯಿತು. ಎರಡು ಸಲ ತಲೆಯಾಡಿಸಿ, "ಆತು ಅನ್ರಿ, ಆತು ಅನ್ರಿ," ಎಂದಳು. ನಾನು ನಕ್ಕು, ಈ ಊರಲ್ಲಿ ಮನೆಯಿದ್ದವರಿಗೆ ಮಾತ್ರ ಎಂದು ಸುಳ್ಳು ಹೇಳಿ ಕರೆತಂದೆ. ದಾರಿಯುದ್ದಕ್ಕೂ ಆಕೆ ಅದನ್ನೇ ನೆನೆಸುತ್ತಿದ್ದಳು. "ನನ್ನ ಮುಖಾ ಮೊದ್ಲ ನೋಡಿಲ್ಲ ಆ ಹುಡುಗಿ. ನಂಬಿದ್ಲು ನೋಡ್ರಿ," ಎಂದಳು. ಪರದೇಶದ ಸಂಭ್ರಮ ಎಂದುಕೊಂಡೆ.

ಚಪ್ಪಾಳೆ ಬಿದ್ದ ಸಭೆ

ನಾಲ್ಕನೆಯ ದಿನ ಊರ ಸಭಾಂಗಣದಲ್ಲಿ ಸಾಹೇಬನ ಭಾಷಣ. ಪರದೆಯ ಮೇಲೆ ಚಿತ್ರಗಳು. ಹುಲಿಗೆವ್ವ ತನ್ನ ಮಿರ್ಚಿ-ಮಂಡಕ್ಕಿ ಅಂಗಡಿಯಲ್ಲಿ ಬಾಣಲೆಯ ಮುಂದೆ ನಗುತ್ತಿರುವುದು, ಹೆಣ್ಣುಮಕ್ಕಳು ಗುಂಪಾಗಿ ಕೂತಿರುವುದು. ನಮ್ಮ ಸಂಘಗಳಲ್ಲಿ ಕಂತು ತಪ್ಪುವುದೇ ಇಲ್ಲ, ಕಾರಣ ಹೆಣ್ಣುಮಕ್ಕಳ ಒಗ್ಗಟ್ಟು ಎಂದು ಆತ ಹೇಳಿದ. ಜನ ಚಪ್ಪಾಳೆ ತಟ್ಟಿದರು.

ನನ್ನ ಮೈ ಉರಿಯಿತು. ಕಂತು ಯಾಕೆ ತಪ್ಪುವುದಿಲ್ಲ ಎಂದು ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಒಬ್ಬಳು ಕಟ್ಟದಿದ್ದರೆ ಅದನ್ನು ಉಳಿದವರು ಕಟ್ಟಬೇಕು. ಹಾಗಾಗಿ ಅವಳ ಬಾಗಿಲಿಗೆ ಹೋಗಿ ಕೂರುತ್ತಾರೆ. ಹಣ ಕೈಗೆ ಬರುವ ತನಕ ಏಳುವುದಿಲ್ಲ. ಅವಳು ಒಲೆ ಹಚ್ಚುವಂತಿಲ್ಲ, ನೀರಿಗೆ ಹೋಗುವಂತಿಲ್ಲ. ಅತ್ತೆ ನೋಡುತ್ತಾಳೆ, ಶಾಲೆಯಿಂದ ಬಂದ ಮಕ್ಕಳು ನೋಡುತ್ತಾರೆ, ಹಾದುಹೋಗುವವರೆಲ್ಲ ನಿಂತು ನೋಡುತ್ತಾರೆ. ಅತ್ತು ಮೂಗೊರೆಸಿಕೊಳ್ಳುತ್ತ ಕಿವಿಯೋಲೆ ಬಿಚ್ಚಿಕೊಟ್ಟವಳನ್ನು ನಾನೇ ನೋಡಿದ್ದೇನೆ. ಹಾಗೆ ಕೂರಿಸುವ ಸಂಸ್ಥೆಯವರು ಜೀಪಿನಲ್ಲಿ ದೂರ ಇರುತ್ತಾರೆ. ಇದಕ್ಕೆ ಸಾಹೇಬ ಒಗ್ಗಟ್ಟು ಎಂದು ಹೆಸರಿಟ್ಟು, ಸಮುದ್ರ ದಾಟಿ ಬಂದು ಚಪ್ಪಾಳೆ ಗಿಟ್ಟಿಸುತ್ತಿದ್ದ.

ಹುಲಿಗೆವ್ವನನ್ನು ವೇದಿಕೆಗೆ ಕರೆದರು. ಸಾಹೇಬ ಕಲಿಸಿದ್ದನ್ನು ಆಕೆ ಒಪ್ಪಿಸಿ, ಕೈಮುಗಿದು ಇಳಿದು ಬಂದಳು.

ಚರ್ಚಿನ ಹಿಂದಿನ ಕೋಣೆ

ಮೋಯ್ರಾ ನಮ್ಮನ್ನು ಮರುದಿನ ಕರೆದೊಯ್ದದ್ದು ಒಂದು ಚರ್ಚಿನ ಹಿಂದಿನ ಕೋಣೆಗೆ. ಅಲ್ಲಿ ವೇದಿಕೆ ಇರಲಿಲ್ಲ, ಪರದೆ ಇರಲಿಲ್ಲ. ದುಂಡಗೆ ಕುರ್ಚಿ ಹಾಕಿದ್ದರು. ಸಾಲ ಮಾಡದೆ ಇರಲಾಗದವರು ವಾರವಾರ ಬಂದು ಕೂರುವ ಜಾಗ ಅದು. ಕಷ್ಟಕ್ಕೆ ಸಾಲ ಮಾಡಿದವರಲ್ಲ; ಕುಡುಕನಿಗೆ ಹೆಂಡ ಹೇಗೋ ಹಾಗೆ ಸಾಲವೇ ಬೇಕೆನಿಸುವವರು. ಮೋಯ್ರಾ ಕೂಡ ಅವರಲ್ಲೊಬ್ಬಳೆಂದು ಆಗ ತಿಳಿಯಿತು. ಅಂದು ಹೊರಗಿನವರೂ ಬರಬಹುದಾದ ದಿನ. ಸಾಹೇಬ ಅದನ್ನು ವಸೂಲಿ ಸಭೆ ಎಂದೇ ತಿಳಿದಿದ್ದ. ಕೂರುತ್ತಲೇ, "ಇಲ್ಲಿ ಕಂತು ಕಲೆಕ್ಟ್ ಮಾಡೋದು ಯಾರು?" ಎಂದು ನನ್ನ ಕಿವಿಯಲ್ಲಿ ಕೇಳಿದ.

ಮೋಯ್ರಾ ನಿಯಮ ಹೇಳಿದಳು. ಮೊದಲ ಹೆಸರು ಸಾಕು. ಒಬ್ಬರು ಇನ್ನೊಬ್ಬರಿಗೆ ಹಣ ಕೊಡುವಂತಿಲ್ಲ. ಬುದ್ಧಿ ಹೇಳುವಂತಿಲ್ಲ. ಇಲ್ಲಿ ಕೇಳಿದ್ದನ್ನು ಇಲ್ಲೇ ಬಿಟ್ಟು ಹೋಗಬೇಕು. ಸಾಹೇಬ ಇಷ್ಟನ್ನೂ ಹುಲಿಗೆವ್ವನಿಗೆ, "ಸುಮ್ನೆ ಕೂತ್ಕೊಳ್ಳಿ ಅಂತಿದಾರೆ," ಎಂದು ಅನುವಾದಿಸಿದ. ಉಳಿದದ್ದನ್ನು ನಾನು ಪಿಸುಗುಟ್ಟಿದೆ. ಬರೀ ಹೆಸರು ಸಾಕಂತೆ ಎಂದದ್ದು ಆಕೆಗೆ ಹಿಡಿಸಲಿಲ್ಲ. "ಬರೇ ಹೆಸರ ಹೇಳಿದ್ರ ಯಾರ ಪೈಕಿ ಅಂತ ಹೆಂಗ ತಿಳೀಬೇಕ್ರಿ ಇವರಿಗೆ? ಮರ್ಯಾದಿ ಅಲ್ಲದು," ಎಂದಳು.

ಅವರು ಒಬ್ಬೊಬ್ಬರಾಗಿ ಮಾತಾಡಿದರು. ಅವರು ಹೇಳಿದ್ದನ್ನು ನಾನು ಬರೆಯುವುದಿಲ್ಲ. ಆ ನಿಯಮ ನನಗೂ ಅನ್ವಯಿಸುತ್ತದೆ. ಕೇಳುವವರು ಹೇಗೆ ಕೇಳಿದರು ಎಂಬುದನ್ನಷ್ಟೇ ಹೇಳುತ್ತೇನೆ. ಒಬ್ಬ ಗಂಡಸು ಅಳುತ್ತ ಮಾತಾಡಿದ, ಯಾರೂ ಅಯ್ಯೋ ಎನ್ನಲಿಲ್ಲ, ಛೀ ಎನ್ನಲೂ ಇಲ್ಲ. ಅವನು ಮುಗಿಸುವ ತನಕ ಅವನ ಮುಖ ನೋಡಿದರು. ಮುಗಿದ ಮೇಲೆ ಅವನ ಹೆಸರು ಹಿಡಿದು ಎಲ್ಲರೂ ಥ್ಯಾಂಕ್ಸ್ ಅಂದರು. ಪಕ್ಕದವಳು ಬಿಸ್ಕೀಟಿನ ತಟ್ಟೆ ಅವನ ಕಡೆ ಸರಿಸಿದಳು. ನಾನು ಹುಲಿಗೆವ್ವನ ಕಿವಿಯಲ್ಲಿ ಒಂದೊಂದೇ ಮಾತು ಕನ್ನಡಕ್ಕೆ ತಂದು ಹೇಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಆಕೆ ನನ್ನ ಕೈ ಒತ್ತಿ, "ಸಾಕ್ರಿ, ತಿಳೀತು," ಎಂದಳು.

ಆಮೇಲೆ ಎದ್ದು ನಿಂತಳು. ಅಲ್ಲಿ ಯಾರೂ ನಿಂತು ಮಾತಾಡಿರಲಿಲ್ಲ. ನಮ್ಮ ಸಂಘಗಳಲ್ಲಿ ಮಾತಾಡುವವಳು ಎದ್ದು, ಕೈಮುಗಿದು, ತನ್ನ ಹೆಸರು, ಗಂಡನ ಹೆಸರು, ಊರು, ತಾಲೂಕು, ಸಂಘದ ಹೆಸರು ಹೇಳಿಯೇ ಶುರು ಮಾಡಬೇಕು. ಆಕೆ ಹಾಗೆಯೇ ಶುರು ಮಾಡಿದಳು. ಮೋಯ್ರಾ ಬೇಡವೆಂದು ಕೈ ಎತ್ತಿದಳು, ಹುಲಿಗೆವ್ವ ಅದನ್ನು ಆಶೀರ್ವಾದ ಎಂದುಕೊಂಡಳೋ ಏನೋ, ಇನ್ನೊಂದಿಷ್ಟು ತಲೆ ಬಾಗಿಸಿ ಮುಂದುವರಿಸಿದಳು. ಸಂಘದ ಹೆಸರಿಗೆ ಬಂದಾಗ ಒಂದು ಹೇಳಿದಳು. ಆಮೇಲೆ ಇನ್ನೊಂದು ಹೇಳಿದಳು. ಮತ್ತೊಂದು. ಗಂಗಾವತಿಯದು, ಕಾರಟಗಿಯದು, ಗಂಡನಿಗೆ ಗೊತ್ತಿದ್ದದ್ದು, ಗೊತ್ತಿಲ್ಲದ್ದು. ಸುಳ್ಳು ಹೇಳಬಾರದ ಜಾಗ ಎಂದು ಅವಳಿಗೆ ಅನಿಸಿತ್ತು. ನನ್ನ ಎಡಕ್ಕೆ ಕೂತಿದ್ದ ಸಾಹೇಬ ಕುರ್ಚಿಯಲ್ಲಿ ನೆಟ್ಟಗಾದ.

"ನಂದು ಮಿರ್ಚಿ ಅಂಗಡಿ ಛಲೋ ನಡೀತೈತ್ರಿ," ಎಂದಳು ಹುಲಿಗೆವ್ವ. "ನನ್ನ ಗಂಡ ಕುಡಿಯಾಂವ ಅಲ್ಲ. ಉಣ್ಣಾಕ ಉಡಾಕ ಕಮ್ಮಿ ಇಲ್ಲ. ಸಾಲ ಮಾಡೂ ಜರೂರನ ಇಲ್ರಿ ನನಗ. ಆದ್ರ ಯಾರರ ಬಂದು ಸಾಲ ಬೇಕೇನವಾ ಅಂದ್ರ, ಬ್ಯಾಡ ಅನ್ನೂ ಮಾತು ನನ್ನ ಬಾಯಾಗ ಹೊರಡಂಗಿಲ್ಲ. ರೊಕ್ಕ ಕೈಗೆ ಬಂದ ದಿನ ಎದಿ ತಣ್ಣಗಾಕ್ಕೈತಿ. ನನ್ನ ಯಾರೋ ನಂಬ್ಯಾರ ಅನ್ನಿಸ್ತೈತಿ. ಮರದಿನ ಹೆದರಿಕಿ. ಅದನ್ನ ತೀರಸಾಕ ಮತ್ತೊಂದು ಸಂಘ. ಇದು ನನಗೊಬ್ಬಾಕಿಗೇ ಐತಿ ಅಂತ ತಿಳಿದಿದ್ದೆ. ಇಷ್ಟ ದೂರ ಬಂದು ನೋಡಿದ್ರ ಇವರಿಗೂ ಐತಿ."

ಬಟ್ಟೆ ಅಂಗಡಿಯಲ್ಲಿ ಬೆಳಗಿದ ಆಕೆಯ ಮುಖದ ಅರ್ಥ ನನಗೆ ಆಗ ಹೊಳೆಯಿತು. ಎಲ್ಲರೂ ಸಾಹೇಬನ ಕಡೆ ನೋಡಿದರು. ಆತ ಗಂಟಲು ಸರಿಮಾಡಿಕೊಂಡು, ಈಕೆ ಬಡವಳಾಗಿದ್ದಳು, ನಮ್ಮ ಸಂಸ್ಥೆಯ ಸಾಲದಿಂದ ಅಂಗಡಿ ಇಟ್ಟಳು, ಈಗ ಆತ್ಮವಿಶ್ವಾಸ ಬಂದಿದೆ, ನಿಮಗೆಲ್ಲ ವಂದನೆ ಹೇಳುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದ.

ನನಗೆ ಆದ ಅಸಹ್ಯವನ್ನು ಏನೆಂದು ಬರೆಯಲಿ. ಒಬ್ಬ ಹೆಂಗಸು ಜನ್ಮದಲ್ಲಿ ಮೊದಲ ಸಲ ಎದೆಯ ಮಾತು ಆಡಿದ್ದಾಳೆ, ಅದನ್ನು ಇವನು ಕಣ್ಣೆದುರೇ ಕದ್ದು ಜಾಹೀರಾತು ಮಾಡಿಕೊಂಡ. ನಾನು ಎದ್ದು, ಆಕೆ ಹಾಗೆ ಹೇಳಲಿಲ್ಲ ಎಂದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ತಪ್ಪಿರಬೇಕು, ಕಾಲ ತಪ್ಪಿರಬೇಕು. ನನ್ನ ಮಕ್ಕಳು ಹಾಗೆ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ. ಆದರೂ ಹುಲಿಗೆವ್ವ ಹೇಳಿದ್ದನ್ನೆಲ್ಲ ಹೇಳಿದೆ, ಸಂಘಗಳ ಹೆಸರು ಮಾತ್ರ ಬಿಟ್ಟೆ. ಮೋಯ್ರಾ ಸಾಹೇಬನನ್ನು ಬಾಗಿಲ ತನಕ ಕರೆದೊಯ್ದು, ಅವನ ಕೈಗೂ ಒಂದು ಕಪ್ಪು ಚಹಾ ಕೊಟ್ಟು, ಹೊರಗೆ ಕೂರಿಸಿ ಬಂದಳು. ಆಮೇಲೆ ಎಲ್ಲರೂ ಆಕೆಯ ಹೆಸರು ಹಿಡಿದು ಥ್ಯಾಂಕ್ಸ್ ಅಂದರು. ಆಕೆಯ ನಿಜವಾದ ಹೆಸರು ಅಷ್ಟು ಬಗೆಯಲ್ಲಿ ಉಚ್ಚಾರವಾದದ್ದನ್ನು ನಾನು ಎಲ್ಲೂ ಕೇಳಿಲ್ಲ.

ವಾಪಸು ಬರುವಾಗ ಹುಲಿಗೆವ್ವ ಸಮುದ್ರದ ಗಾಳಿಯಲ್ಲಿ ಬಿರಬಿರನೆ ನಡೆದಳು. ದಂಡೆಯ ಗಾಡಿಯಲ್ಲಿ ಕರಿದ ಆಲೂಗಡ್ಡೆ ಕೊಂಡು ತಿಂದು, "ಕಡ್ಲಿ ಹಿಟ್ಟೂ ಇಲ್ಲ, ಖಾರಾನೂ ಇಲ್ಲ. ಈ ಮಂದಿ ಹೆಂಗ ಬದುಕ್ಯಾರೋ," ಎಂದಳು. ಆದರೂ ಪೊಟ್ಟಣ ಖಾಲಿ ಮಾಡಿದಳು.

ವಾಪಸು ವಿಮಾನದಲ್ಲಿ

ಹುಲಿಗೆವ್ವ ನಿದ್ದೆ ಹೋಗಿದ್ದಾಗ ಸಾಹೇಬ ನನ್ನ ಪಕ್ಕಕ್ಕೆ ಬಂದು ಕೂತ. ಕೋಪ ಇರಲಿಲ್ಲ, ಖುಷಿಯಲ್ಲೇ ಇದ್ದ.

"ಅಷ್ಟೊಂದು ಕಡೆ ತಗೊಂಡಿದ್ದಾಳೆ ಅಂತ ಯಾರಿಗೂ ಗೊತ್ತಿರಲಿಲ್ಲ ಮೇಡಂ. ಒಳ್ಳೇದೇ ಆಯ್ತು. ಅವಳಿಗೆ ಸಾಲ ಕೊಟ್ಟಿರೋ ಎಲ್ಲರ ಕಿವಿಗೂ ಒಂದು ಮಾತು ಹಾಕಿದೀನಿ."

"ಅಲ್ಲಿ ಕೇಳಿದ್ದು ಅಲ್ಲೇ ಬಿಡಬೇಕು ಅಂತ ಹೇಳಿದ್ರಲ್ರಿ," ಎಂದೆ.

"ಅದು ಅವರ ರೂಲ್ಸು ಮೇಡಂ. ನಮ್ಮದು ಬೇರೆ ಇರುತ್ತೆ."

ಅವನಿಗೆ ನಾಚಿಕೆಯೂ ಆಗಲಿಲ್ಲ. ನಾನು ಬಾಯಿಗೆ ಬಂದದ್ದು ಅಂದೆ, ಅದನ್ನು ಇಲ್ಲಿ ಬರೆದರೆ ಶಿಕ್ಷಣ ಇಲಾಖೆಯವರು ನೋಟೀಸು ಕೊಟ್ಟಾರು. ಗಗನಸಖಿ ಬಂದು ನೀರು ಕೊಟ್ಟು ಹೋದಳು. ಹುಲಿಗೆವ್ವ ಎಚ್ಚರಗೊಂಡು, ಏನಾಯಿತು ಎಂದು ಕೇಳಿದಳು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ.

ಸಿದ್ದಾಪುರ

ಊರಿಗೆ ಬಂದು ವಾರ ಕಳೆದಿರಲಿಲ್ಲ, ಹುಲಿಗೆವ್ವನ ಮಗಳು ಫೋನು ಮಾಡಿದಳು. "ಅಕ್ಕೋರ, ನಮ್ಮ ಬಾಗಲಿಗೆ ಮಂದಿ ಕುಂತಾರ್ರಿ. ಎಲ್ಲಾ ಸಂಘದವರೂ ಬಂದಾರ."

ರಜೆ ಹಾಕಿ ಹೊರಟೆ. ಗಂಗಾವತಿ ದಾಟಿದ ಮೇಲೆ ಎರಡೂ ಕಡೆ ಭತ್ತ ಹಸಿರಾಗಿ ನಿಂತಿತ್ತು, ಕಾಲುವೆ ತುಂಬಿ ಹರಿಯುತ್ತಿತ್ತು. ಸಿದ್ದಾಪುರದಲ್ಲಿ ಇಳಿದರೆ ಬಸ್‌ಸ್ಟ್ಯಾಂಡಿನ ಮಿರ್ಚಿ ಅಂಗಡಿಗೆ ಬೀಗ. ಮನೆಯ ಮುಂದೆ, ಮೆಟ್ಟಿಲಿನಿಂದ ಹಿಡಿದು ರಸ್ತೆಯ ತನಕ ಹೆಣ್ಣುಮಕ್ಕಳು. ಬೇರೆಬೇರೆ ಸಂಘದವರು ಒಂದೇ ದಿನ ಕೂತದ್ದು ಊರಿನಲ್ಲಿ ಅದೇ ಮೊದಲು ಎಂದು ಯಾರೋ ಹೆಮ್ಮೆಯಿಂದ ಹೇಳುತ್ತಿದ್ದರು. ಸಾಹೇಬ ಎದುರು ಮನೆಯ ಕಟ್ಟೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ.

ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದವಳು ರತ್ನಮ್ಮ, ಹುಲಿಗೆವ್ವನ ಸಂಘದ ಮುಖ್ಯಸ್ಥೆ. ನಾನು ಒಳಗೆ ಹೋಗಲು ದಾರಿ ಕೇಳಿದಾಗ ಸೆರಗು ಕೊಡವಿ ಎದ್ದಳು.

"ನಮ್ಮ ಮ್ಯಾಲ ಸಿಟ್ಟಾಗಬ್ಯಾಡ್ರಿ ಅಕ್ಕೋರ. ಆಕಿ ಕಟ್ಟಲಿಲ್ಲಂದ್ರ ನಾವು ಕಟ್ಟಬೇಕು. ನಾನೇನು ರೊಕ್ಕದ ಗಿಡಾ ಹಚ್ಚೀನೇನು?"

ಅವಳ ಮೇಲೆ ಸಿಟ್ಟಾಗುವುದು ಹೇಗೆ? ಕೂರುವವಳ ಕೊರಳಿಗೂ ಅದೇ ಹಗ್ಗ. ಹಗ್ಗ ಹಿಡಿದವನು ನೆರಳಲ್ಲಿ ಕೂತು ಲಸ್ಸಿ ಕುಡಿಯುತ್ತಿದ್ದ. ಇದನ್ನು ನೋಡಿಯೂ ಸುಮ್ಮನಿರುವ ನಮ್ಮ ಊರುಗಳ ಮೇಲೆ, ಕಟ್ಟೆಗೆ ಕುರ್ಚಿ ತಂದುಕೊಟ್ಟ ಆ ಮನೆಯವರ ಮೇಲೆ ನನಗೆ ಸಿಟ್ಟು ಬಂತು.

ಹುಲಿಗೆವ್ವ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಗಂಡ ಹಿತ್ತಲಲ್ಲಿ ನಿಂತಿದ್ದ, ಒಳಗೆ ಬರುತ್ತಿರಲಿಲ್ಲ. ಬೆಳಗಿನಿಂದ ಒಲೆ ಹಚ್ಚಿರಲಿಲ್ಲ. ನನ್ನನ್ನು ಕಂಡು, "ಹೇಳಬಾರದಿತ್ತೇನ್ರಿ ಅಲ್ಲಿ?" ಎಂದು ಕೇಳಿದಳು. ನಾನು ಪಕ್ಕದಲ್ಲಿ ಕೂತೆ. ಬುದ್ಧಿ ಹೇಳಲಿಲ್ಲ.

ಸ್ವಲ್ಪ ಹೊತ್ತಿಗೆ ಸಾಹೇಬ ಹೊಸ್ತಿಲಿಗೆ ಬಂದ. ದನಿ ಬೆಣ್ಣೆಯಂತಿತ್ತು.

"ಹುಲಿಗೆಮ್ಮಾ, ಯಾಕಿಷ್ಟು ತೊಂದರೆ? ನಾವೇ ಒಂದು ದೊಡ್ಡ ಸಾಲ ಕೊಡ್ತೀವಿ. ಎಲ್ಲರದ್ದೂ ಇವತ್ತೇ ತೀರಿಸಿಬಿಡಿ. ಆಮೇಲೆ ನಮಗೊಬ್ಬರಿಗೇ ಕಟ್ಟಿದ್ರೆ ಆಯ್ತು. ನಿಮ್ಮ ಮೇಲೆ ನಮಗೆ ನಂಬಿಕೆ ಇದೆ."

ಹೊರಗೆ ಕೂತವರಲ್ಲಿ ಗುಜುಗುಜು ಎದ್ದಿತು. "ತಗೋಳವಾ, ತಗೋ. ಎಲ್ಲಾರೂ ಮನೀಗೆ ಹೋಗೂಣು," ಎಂದು ಯಾರೋ ಕೂಗಿದರು. ಹಿತ್ತಲಿನಿಂದ ಗಂಡ ಕೂಡ ಇಣುಕಿದ. ಒಂದು ಸಹಿ ಹಾಕಿದರೆ ಬಾಗಿಲು ಖಾಲಿ, ಒಲೆ ಹತ್ತುತ್ತದೆ, ಮಾನ ಉಳಿಯುತ್ತದೆ. ಆಮೇಲೆ ಈಕೆ ಎಂದೂ ಮೇಲೆ ಬರುವುದಿಲ್ಲ. ಇದು ನನಗೆ ಗೊತ್ತಿತ್ತು, ಸಾಹೇಬನಿಗೆ ಗೊತ್ತಿತ್ತು. ಆಕೆಯ ರೋಗ ಯಾವುದೆಂದು ಆಕೆಯ ಬಾಯಿಂದಲೇ ಕೇಳಿ ತಿಳಿದುಕೊಂಡು, ಅದೇ ಜಾಗಕ್ಕೆ ಕೈ ಹಾಕಿದ್ದ. ಮನುಷ್ಯ ಇಷ್ಟು ಕೀಳಾಗಬಹುದೆಂದು ನಾನು ಅಂದುಕೊಂಡಿರಲಿಲ್ಲ.

ಹುಲಿಗೆವ್ವನ ಮುಖ ನೋಡಿದೆ. ನಂಬಿಕೆ ಎಂಬ ಮಾತು ಕೇಳಿದೊಡನೆ ಅದು ಅರಳಿತು. ಬೇಡ ಎಂದು ಕೂಗಬೇಕೆನಿಸಿತು, ಆದರೆ ನಾನು ಕೂಗಿದ್ದರೆ ಅದು ನನ್ನ ಮಾತಾಗುತ್ತಿತ್ತು. ಆಕೆ ಎದ್ದಳು. ಗೋಡೆ ಹಿಡಿದುಕೊಂಡು ಹೊಸ್ತಿಲ ತನಕ ಹೋದಳು. ಸಾಹೇಬ ಪೆನ್ನು ತೆಗೆದ. ಆಕೆ ಬಾಯಿ ತೆರೆದಳು, ಮಾತು ಬರಲಿಲ್ಲ. ಮತ್ತೆ ಬಾಯಿ ತೆರೆದಳು.

"ಬ್ಯಾಡ್ರಿ," ಎಂದಳು.

ಸಾಹೇಬನಿಗೆ ಅರ್ಥವಾಗಲಿಲ್ಲ. "ಏನು ಬೇಡ?"

"ಸಾಲ ಬ್ಯಾಡ್ರಿ. ಹಳೇದು ಅಂಗಡಿ ನಡಿಸಿ ಕಟ್ತೀನಿ. ತಡ ಆಕ್ಕೈತಿ. ಕುಂಡ್ರವರು ಕುಂಡ್ರಲಿ."

ಸಾಹೇಬ ಕಾನೂನು ಎಂದ, ಕೋರ್ಟು ಎಂದ, ಪತ್ರ ಬರುತ್ತದೆ ಎಂದ. ಹುಲಿಗೆವ್ವ ಒಳಗೆ ಬಂದು ದೊಪ್ಪನೆ ಕೂತಳು. ಆತ ಜೀಪು ಹತ್ತಿ ಹೋದ. ಹೆಣ್ಣುಮಕ್ಕಳು ಏಳಲಿಲ್ಲ. ಈಗ ಬೈಗುಳವೂ ಇರಲಿಲ್ಲ.

ಹೊರಗಿನಿಂದ ರತ್ನಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು. ಹೊಡೆಯಲು ಬಂದಳೆಂದೇ ತಿಳಿದು ನಾನು ಅಡ್ಡ ನಿಂತೆ. ಆಕೆ ನನ್ನನ್ನು ಸರಿಸಿ, ಬಾಗಿಲನ್ನು ಅರ್ಧ ಮುಚ್ಚಿ, ಹುಲಿಗೆವ್ವನ ಎದುರು ನೆಲಕ್ಕೆ ಕೂತಳು. ಹೊರಗೆ ಕೂತವರಿಗೆ ಕೇಳಬಾರದೆಂದು ದನಿ ತಗ್ಗಿಸಿದಳು.

"ಸಾಹೇಬ್ರ ಮುಂದ ಬ್ಯಾಡ ಅಂದ್ಯಲ್ಲ," ಎಂದಳು. "ಅದು ಹೆಂಗ ಬಂತವಾ ನಿನ್ನ ಬಾಯಾಗ? ನನಗೂ ಹೇಳಿಕೊಡು."